ಒಂದೇ ಸೀಸನ್ನಿನ ಬೌಲರ್ ಗೋಡೆ ಏರಿದ್ದು

ದುಬೈಯ ಅಲ್ ಕುಸೈಸ್‌ನಲ್ಲಿರುವ ನಮ್ಮ ಊರವರ ಕ್ರಿಕೆಟ್ ಕ್ಲಬ್ಬಿನಲ್ಲಿ ಹಳೇ ಆಟಗಾರರ ಫೋಟೋ ಹಾಕಲು ಒಂದು ಗೌರವದ ಗೋಡೆ ಇದೆ ಮಾರಾಯ್ರೆ. ಯಾರು ಯೋಗ್ಯರು ಅಂತ ತೀರ್ಮಾನಿಸುವ ಮೂವರಲ್ಲಿ ನಾನೊಬ್ಬ. ಒಪ್ಪಿಕೊಂಡ ದಿನದಿಂದ ಒಂದಲ್ಲ ಒಂದು ರಗಳೆ ಇದ್ದದ್ದೇ.

೧. ಅನುಭವಸ್ಥ

ಗಲ್ಫಿನಲ್ಲಿ ಕ್ರಿಕೆಟ್ ಆಯುಷ್ಯ ಚಿಕ್ಕದು. ಹೆಂಡತಿಗೆ ವೀಸಾ ಬಂತೆಂದರೆ ಬ್ಯಾಟ್ಸ್‌ಮನ್ ಖಲಾಸ್. ಈ ಸಲ ಬಂದ ಹೆಸರು ಉಡುಪಿಯವನದು, ಜೆಬೆಲ್ ಅಲಿಯ ಗೋದಾಮಿನಲ್ಲಿ ಸೂಪರ್‌ವೈಸರ್. ಬೌಲಿಂಗ್ ಅಂದರೆ ಅವನದ್ದೇ ಅಂತೆ. ಆದರೆ ಆಡಿದ್ದು ಒಂದೇ ಸೀಸನ್, ಆಮೇಲೆ ಮಂಡಿ ಕೈಕೊಟ್ಟಿತು. ಗೋಡೆ ಏರಬೇಕೆಂದು ಪಾಪ, ಬಹಳ ಆಸೆ. ಮೂವರೂ ಒಪ್ಪಬೇಕು. ನಾನೂ ಸೆಕ್ರೆಟರಿಯೂ ಒಪ್ಪಿದೆವು. ಧಾರವಾಡದ ಡಾಕ್ಟರು ಜಪ್ಪಯ್ಯ ಅಂದರೂ ಇಲ್ಲ.

"ಒಂದ ಸೀಸನ್ನಾ? ನಮ್ಮ ಭಾವ ಹದಿನೈದ ವರ್ಷ ಆಡ್ಯಾನ್ರೀ, ಅವನ್ನ ಹಾಕ್ರಿ."

"ರನ್ ಹೊಡೆದಿದ್ದಾರಾ?" ಎಂದೆ.

"ರನ್ ಬಿಡ್ರಿ. ಒಂದ ಮ್ಯಾಚ್ ತಪ್ಪಿಸಿಲ್ಲ."



೨. ಸಾಕ್ಷಿ

ಉಡುಪಿಯವನ ಆಟ ಕಂಡವರೆಲ್ಲ ಕೆಲಸ ಬಿಟ್ಟು ಊರು ಸೇರಿದ್ದರು. ಕೊನೆಗೆ ಅಬುಧಾಬಿಯಲ್ಲಿ ಒಬ್ಬ ಎದುರಾಳಿ ಬ್ಯಾಟ್ಸ್‌ಮನ್ ಸಿಕ್ಕಿದ. ಸ್ಪೀಕರ್ ಹಾಕಿ ಫೋನ್ ಮಾಡಿ, ಬೌಲಿಂಗ್ ಹೇಗಿತ್ತು ಎಂದು ಕೇಳಿದೆವು.

"ನಾನು ನೋಡ್ಲಿಲ್ಲ ಮಾರಾಯ್ರೆ. ಸ್ಟಂಪ್ ಹಾರಿದ ಶಬ್ದ ಕೇಳಿದ್ದು ಅಷ್ಟೆ. ಅವತ್ತೇ ಕ್ರಿಕೆಟ್ ಬಿಟ್ಟೆ."

ಇದಕ್ಕಿಂತ ಸಾಕ್ಷಿ ಬೇಕಾ? ಡಾಕ್ಟರು ತಲೆ ಅಡ್ಡ ಆಡಿಸಿದರು. "ಒಂದ ಬಾಲಿಗೆ ಆಟ ಬಿಟ್ಟಾಂವನ ಮಾತು ನಡೆಯಂಗಿಲ್ರೀ. ಅನುಭವ ಸಾಲದು."

೩. ಹಾರ

ವಾರ್ಷಿಕೋತ್ಸವ ಬಂತು. ಡಾಕ್ಟರ ಮನಸ್ಸು ಕರಗಬಹುದೆಂದು ಸೆಕ್ರೆಟರಿ ಉಡುಪಿಯವನ ಫೋಟೋಕ್ಕೆ ಫ್ರೇಮ್ ಹಾಕಿಸಿ ಹಾಲ್ ಬಾಗಿಲ ಮೇಜಿನ ಮೇಲಿಟ್ಟರು. ಕೆಳಗೆ, 'ನಮ್ಮೊಂದಿಗೆ ಇದ್ದದ್ದು ಸ್ವಲ್ಪವೇ ಕಾಲ' ಎಂದು ಬರೆಸಿದ್ದರು. ಅಲಂಕಾರಕ್ಕೆ ಬಂದ ಹೆಂಗಸರು ಅದನ್ನೋದಿ, ಪಾಪ ಎಂದು ಫೋಟೋಕ್ಕೆ ಮಲ್ಲಿಗೆ ಹಾರ ಹಾಕಿ ಮುಂದೆ ದೀಪ ಹಚ್ಚಿಟ್ಟರು.

ನಾನು ಬಂದು ನೋಡಿ ಹೌಹಾರಿದೆ. ವಾಟ್ಸಾಪ್ ಗ್ರೂಪಿನಲ್ಲಿ ಆಗಲೇ 'ಓಂ ಶಾಂತಿ' ಸಾಲುಗಟ್ಟಿತ್ತು. ಹಾರ ತೆಗೆಯೋಣವೆಂದು ಕೈ ಚಾಚುವಷ್ಟರಲ್ಲಿ ಡಾಕ್ಟರು ಡ್ಯೂಟಿಯಿಂದ ನೇರ ಬಂದರು. ಫೋಟೋ ಕಂಡವರೇ ಚಪ್ಪಲಿ ಬಿಟ್ಟು ಕೈಮುಗಿದರು. ಕಣ್ಣಲ್ಲಿ ನೀರು.

"ಎಂಥಾ ಬೌಲರ್ ಇದ್ದ. ಒಂದ ಸೀಸನ್ ಆದ್ರೇನು, ಗ್ವಾಡಿ ಮ್ಯಾಲೆ ಮೊದಲ ಇವನ ಫೋಟೋ ಇರಬೇಕಿತ್ತು. ಬರ್ಕೋರಿ, ನಂದೂ ಒಪ್ಪಿಗಿ ಐತಿ."

ಅವರ ಬೆನ್ನ ಹಿಂದೆ ಜ್ಯೂಸ್ ಗ್ಲಾಸ್ ಹಿಡಿದು ಸೂಪರ್‌ವೈಸರ್ ನಿಂತಿದ್ದ.

"ಡಾಕ್ಟ್ರೆ," ಎಂದ ಮೆಲ್ಲಗೆ, "ಬದುಕಿದ್ದೇನೆ ಅಂತ ಒಪ್ಪಿಗೆ ವಾಪಸ್ ತಗೊಳ್ಬೇಡಿ, ಆಯ್ತಾ?"