ಸೀಮಂತದಲ್ಲಿ ಬಿಡುಗಡೆಯಾದ ಕೊಲೆ

ಪುಸ್ತಕ ಬರೆಯುವುದು ಕಷ್ಟ, ಬಿಡುಗಡೆ ಮಾಡುವುದು ಸುಲಭ ಎಂದು ನಾನು ಮನಸಾರೆ ನಂಬಿದ್ದೆ. ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುವವಳು ನಾನು. ಇಷ್ಟು ಸರಳ ಲೆಕ್ಕ ತಪ್ಪೀತೇ?

ನಾನು ಬರೆದದ್ದು ಪತ್ತೇದಾರಿ ಕಾದಂಬರಿ. ಅಡಿಕೆ ಮಂಡಿಯ ಸಾಹುಕಾರನೊಬ್ಬನ ಕೊಲೆಯಾಗುತ್ತದೆ. ಕೊಲೆಗಾರ ಯಾರೆಂದು ಕೊನೆಯ ಪುಟದವರೆಗೂ ಗೊತ್ತಾಗುವುದಿಲ್ಲ. ಗೊತ್ತಾಗಬೇಕಾದರೆ ಯಾರಾದರೂ ಕೊನೆಯ ಪುಟದವರೆಗೆ ಓದಬೇಕಲ್ಲ! ಶಿವಮೊಗ್ಗದ ಗೋಪಾಳ ಬಡಾವಣೆಯ ನಮ್ಮ ಪಕ್ಕದ ಮನೆಯ ಶಾರದಮ್ಮ, "ಪುಸ್ತಕ ಬರ್ದಿದ್ದೀರಂತೆ ಟೀಚರ್? ಉಪ್ಪಿನಕಾಯಿದೂ ಹಾಕಿದ್ದೀರಾ?" ಎಂದು ಕೇಳಿದರು. ನನ್ನ ಗಂಡ ನಾಗರಾಜ್ ಹಸ್ತಪ್ರತಿ ಹಿಡಿದು ಮಲಗಿದರೆ ಸಾಹುಕಾರ ಸಾಯುವ ಮೊದಲೇ ಗೊರಕೆ ಶುರು. "ನಿದ್ದೆ ಚೆನ್ನಾಗಿ ಬರುತ್ತೆ ಮಾರಾಯ್ತಿ, ಇನ್ನೊಂದು ಬರಿ" ಎನ್ನುವುದೇ ಅವರು ಕೊಟ್ಟ ಪ್ರೋತ್ಸಾಹ! ನನಗೆ ಶಾಲು, ಪೇಟ ಯಾವುದೂ ಬೇಡವಾಗಿತ್ತು. ಒಬ್ಬರು, ಒಬ್ಬರೇ ಒಬ್ಬರು, ಪೂರ್ತಿ ಓದಿ "ಚೆನ್ನಾಗಿದೆ" ಅಂದರೆ ಸಾಕಿತ್ತು. ಅಷ್ಟಕ್ಕಾಗಿ ಒಳಗೊಳಗೇ ಹಂಬಲಿಸುತ್ತಿದ್ದೆ, ಸುಳ್ಳೇಕೆ ಹೇಳಲಿ.

ಶಿವಮೊಗ್ಗದ ಪುಸ್ತಕ ಬಿಡುಗಡೆಗಳನ್ನು ನಾನು ಕಂಡಿದ್ದೆ. ವೇದಿಕೆಯ ಮೇಲೆ ಅಧ್ಯಕ್ಷರು, ಉದ್ಘಾಟಕರು, ಮುಖ್ಯ ಅತಿಥಿಗಳು, ಕೆಳಗೆ ಮೈಕಿನವನೊಬ್ಬನೇ. ಹೀಗಾಗಬಾರದಲ್ಲ ಎಂದು ತಲೆ ಕೆಡಿಸಿಕೊಂಡಿದ್ದಾಗ ಭದ್ರಾವತಿಯಿಂದ ನಾದಿನಿ ಸುಮಿತ್ರಾ ಮಗಳ ಸೀಮಂತಕ್ಕೆ ಕರೆಯಲು ಫೋನ್ ಮಾಡಿದಳು.

"ಅತ್ತಿಗೆ, ನಮ್ಮ ಪಲ್ಲವಿ ಸೀಮಂತ ಇದೆಯಲ್ಲ, ಅಲ್ಲೇ ಬಿಡುಗಡೆ ಮಾಡ್ಬಿಡಿ. ಮುನ್ನೂರು ಜನ ಬರ್ತಾರೆ. ಎಲ್ರಿಗೂ ಒಂದೊಂದು ಪುಸ್ತಕ ಕೊಟ್ರಾಯ್ತು."

ಮುನ್ನೂರು! ಅದರಲ್ಲಿ ಒಬ್ಬ ಓದುಗ ಸಿಗದೇ ಇರುತ್ತಾನೆಯೇ? "ಊಟಕ್ಕೆ ಬಂದೋರಿಗೆ ಸಾಹಿತ್ಯ ಬಡಿಸ್ಬಾರ್ದು ಕಣೇ" ಎಂದರು ನಾಗರಾಜ್. ಹೊಟ್ಟೆಕಿಚ್ಚು ಎಂದುಕೊಂಡೆ. ಪುಸ್ತಕದ ಪೆಟ್ಟಿಗೆಗಳನ್ನು ಕಾರಿಗೆ ತುಂಬಿ ಭದ್ರಾವತಿಯ ಕಲ್ಯಾಣ ಮಂಟಪಕ್ಕೆ ಹೋದೆವು.

ಸೀಮಂತದ ಶಾಸ್ತ್ರ ಇನ್ನೂ ನಡೆಯುತ್ತಿತ್ತು. ನಾನು ಆತುರಗೇಡಿ. ಹೂವು ಮುಡಿದು ಕೂತಿದ್ದ ಪಲ್ಲವಿಯ ಮುಂದೆಯೇ ಪುಸ್ತಕದ ಕಟ್ಟು ಬಿಚ್ಚಿದೆ. ಮುಖಪುಟ ಹೇಗಿರಬೇಕೆಂದು ಚಿತ್ರ ಬರೆಯುವವರ ಹತ್ತಿರ ಹಟ ಹಿಡಿದಿದ್ದವಳೂ ನಾನೇ. ಉದ್ದನೆಯ ಚಾಕು, ತುದಿಯಿಂದ ತೊಟ್ಟಿಕ್ಕುವ ರಕ್ತ!

"ಅಯ್ಯಯ್ಯೋ! ಬಸುರಿ ಹುಡುಗಿ ಮುಂದೆ ಇದೇನ್ರೀ ಇದು!" ಎಂದು ಪಲ್ಲವಿಯ ಅತ್ತೆ ಚೀರಿದರು. ಪುರೋಹಿತರು ಮಂತ್ರ ನಿಲ್ಲಿಸಿ ಕನ್ನಡಕ ಏರಿಸಿ ನೋಡಿ, "ಅಮ್ಮಾ, ಇದಕ್ಕೆ ನನ್ನ ಹತ್ರ ಯಾವ ಮಂತ್ರನೂ ಇಲ್ಲ" ಎಂದರು.

"ಅತ್ತಿಗೆ, ತಿರುಗಿಸಿ ಹಿಡೀರಿ!" ಎಂದು ಸುಮಿತ್ರಾ ಹಲ್ಲು ಕಚ್ಚಿ ಪಿಸುಗುಟ್ಟಿದಳು.

ಹೀಗೆ ನನ್ನ ಚೊಚ್ಚಲ ಕೃತಿ ಬೆನ್ನು ಮುಂದಾಗಿ ಲೋಕಾರ್ಪಣೆಗೊಂಡಿತು. ಹಿಂಬದಿಯಲ್ಲಿ ಇದ್ದದ್ದು ನನ್ನ ದೊಡ್ಡ ಫೋಟೋ. ಮುಂದಿನ ಸಾಲಿನ ಅಜ್ಜಿಯೊಬ್ಬರು ಅದನ್ನು ನೋಡಿ, "ಪಾಪ, ಯಾವಾಗ ಹೋದ್ರಂತೆ?" ಎಂದರು.

"ಇನ್ನೂ ಹೋಗಿಲ್ಲ, ಅಲ್ಲೇ ನಿಂತಿದ್ದಾರಲ್ಲ" ಎಂದು ಪಕ್ಕದವರು ಸಮಾಧಾನ ಹೇಳಿದರು.

ಪುಸ್ತಕ ಹಂಚಿದ್ದಾಯಿತು. ಭಾಷಣ ಮಾಡೋಣವೆಂದು ನಾನು ಮೈಕ್ ಹಿಡಿದು "ಸಾಹಿತ್ಯವೆಂದರೆ..." ಎಂದೆ. "ಎಲೆ ಹಾಕಿದ್ದಾರೆ!" ಎಂದು ಯಾರೋ ಕೂಗಿದರು. ಸಾಹಿತ್ಯವೆಂದರೆ ಏನೆಂದು ತಿಳಿಯದೆಯೇ ಸಭೆ ಎದ್ದು ಓಡಿತು!

ಆದರೂ ಒಂದು ಸಂತೋಷ: ಎಲ್ಲರೂ ಪುಸ್ತಕವನ್ನು ಕೈಯಲ್ಲಿ ಹಿಡಿದೇ ಓಡಿದ್ದರು. ಹಿಂದೆಯೇ ಊಟದ ಹಾಲಿಗೆ ಹೋದೆ. ಅಲ್ಲಿ ಗೊತ್ತಾಯಿತು ಏಕೆಂದು. ಇನ್ನೂ ಬಾರದ ನೆಂಟರಿಗೆ ಜಾಗ ಹಿಡಿಯಲು ಟವೆಲ್ಲು ಹಾಕುವ ಬದಲು ಪುಸ್ತಕ ಹಾಕಿದ್ದರು! ಸಾಲು ಸಾಲು ಕುರ್ಚಿಗಳ ಮೇಲೆ ನಾನೇ ನಗುತ್ತಾ ಕೂತಿದ್ದೆ. ಕೆಲವರು ಬಂದು ನನ್ನನ್ನು ಪಕ್ಕಕ್ಕಿಟ್ಟರು. ಪುಣ್ಯವಂತೆಯೊಬ್ಬರು ನೋಡದೆ ನನ್ನ ಮೇಲೆಯೇ ಕೂತರು.

ಅಳು ಬಂತು. ಹೊರಗೆ ಬಂದೆ. ಬಾಗಿಲ ಪಕ್ಕದಲ್ಲಿ ಎರಡನೇ ಪಂಕ್ತಿಗೆ ಕಾಯುತ್ತಾ ಹೊಳೆಹೊನ್ನೂರಿನ ವೀರಭದ್ರಪ್ಪನವರು ಕೂತಿದ್ದರು. ಸುಮಿತ್ರಾಳ ಗಂಡನ ಕಡೆಯ ಹಿರಿಯರು. ಅವರು ಓದುತ್ತಿದ್ದರು! ನನ್ನ ಪುಸ್ತಕವನ್ನೇ! ನೇರವಾಗಿ ಹಿಡಿದು!

"ಹೇಗಿದೆ?" ಎಂದೆ.

"ಚೆನ್ನಾಗಿದೆ ಕಣಮ್ಮ! ಸಾಹುಕಾರ ಸತ್ತ, ಬಾಗಿಲಿಗೆ ಒಳಗಿಂದ ಚಿಲಕ ಹಾಕಿದೆ. ಯಾರು ಮಾಡಿರ್ಬೋದು ಅಂತ ತಲೆ ಕೆಟ್ಟೋಗಿದೆ!"

ಅವರ ಕಾಲಿಗೆ ಬೀಳಬೇಕೆನಿಸಿತು. ಅಷ್ಟರಲ್ಲಿ ಎರಡನೇ ಪಂಕ್ತಿಗೆ ಬಾಗಿಲು ತೆರೆಯಿತು. ವೀರಭದ್ರಪ್ಪನವರು ಎದ್ದು ನಿಂತು ಒದ್ದಾಡಿದರು. "ಅಮ್ಮಾ, ಯಾರು ಅಂತ ಹೇಳ್ಬಿಡಮ್ಮ! ಇಲ್ದಿದ್ರೆ ಹೋಳಿಗೆ ಗಂಟ್ಲಲ್ಲಿ ಇಳಿಯಲ್ಲ!"

"ಊಟ ಮುಗಿಸಿ ಓದಿ" ಎನ್ನಬೇಕಿತ್ತು. ಬುದ್ಧಿಯಿರುವ ಯಾರಾದರೂ ಹಾಗೇ ಅನ್ನುತ್ತಿದ್ದರು. ಆದರೆ ಇಷ್ಟು ದಿನದಲ್ಲಿ ನನ್ನನ್ನು ಹಾಗೆ ಕೇಳಿದವರು ಅವರೊಬ್ಬರೇ. ಖುಷಿಯಲ್ಲಿ ಎಲ್ಲವನ್ನೂ ಒದರಿಬಿಟ್ಟೆ! "ಸಾಹುಕಾರನಿಗೆ ಇಂಜೆಕ್ಷನ್ ಕೊಡೋಕೆ ಬರ್ತಿದ್ದ ಕಾಂಪೌಂಡರ್! ಅವನು ಹೊರಗೆ ಹೋಗಿರ್ಲೇ ಇಲ್ಲ. ಅಡಿಕೆ ಮೂಟೆಗಳ ಹಿಂದೆ ಅಡಗಿದ್ದ. ಜನ ಬಾಗಿಲು ಒಡೆದಾಗ ತಾನೂ ಅವರ ಜೊತೆ ಬಂದವನ ಹಾಗೆ ನಿಂತ್ಕೊಂಡ!"

"ಭೇಷ್!" ಎಂದರು ವೀರಭದ್ರಪ್ಪನವರು. ಪುಸ್ತಕ ಮುಚ್ಚಿ ನನ್ನ ಕೈಗಿಟ್ಟರು. "ತಗೊಳಮ್ಮ. ಇನ್ನು ಓದೋಕೇನಿದೆ? ಬೇರೆ ಯಾರಿಗಾದ್ರೂ ಕೊಡು."

ಸಿಕ್ಕ ಒಬ್ಬನೇ ಓದುಗನನ್ನು ಕೈಯಾರೆ ಕೊಂದಿದ್ದೆ! ಅಲ್ಲಿಗೇ ಮುಗಿದಿದ್ದರೂ ಸಹಿಸುತ್ತಿದ್ದೆ. ಅವರು ಎಲೆಯ ಮುಂದೆ ಕೂತವರೇ ಪಕ್ಕದವರಿಗೆ ಹೇಳಿದರು. ಕೋಸಂಬರಿಯ ಜೊತೆ ಹೊರಟ ಸುದ್ದಿ ಸಾರಿನ ಹೊತ್ತಿಗೆ ಎದುರು ಸಾಲಿಗೆ ದಾಟಿತು. ಮೊದಲ ಪಂಕ್ತಿಯಲ್ಲಿ ಉಂಡು ವೀಳ್ಯದೆಲೆ ಜಗಿಯುತ್ತಿದ್ದವರಿಗೂ ಹೊರಗೆ ಮುಟ್ಟಿತು. ಪಾಯಸದ ಬಕೆಟ್ ಹಿಡಿದವನು ನನ್ನ ಹತ್ತಿರ ನಿಂತು, "ಅಕ್ಕಾ, ಕಾಂಪೌಂಡರಂತೆ ಹೌದಾ? ನಂಗೆ ಮೊದ್ಲೇ ಡೌಟಿತ್ತು" ಎಂದ. ಅವನಿಗೆ ನಾನು ಪುಸ್ತಕವನ್ನೇ ಕೊಟ್ಟಿರಲಿಲ್ಲ!

ಜನ ತಾಂಬೂಲ ಹಿಡಿದು ಹೊರಟರು. ಪುಸ್ತಕಗಳು ಕುರ್ಚಿಗಳ ಮೇಲೆ, ಎಲೆಗಳ ಪಕ್ಕದಲ್ಲಿ ಉಳಿದವು. ನಾನೂ ನಾಗರಾಜೂ ಒಂದೊಂದನ್ನೇ ಆರಿಸಿ ಪೆಟ್ಟಿಗೆಗೆ ತುಂಬಿದೆವು.

"ಬೇಜಾರು ಮಾಡ್ಕೋಬೇಡ ಮಾರಾಯ್ತಿ" ಎಂದರು ಅವರು. "ಒಂದೇ ಊಟದಲ್ಲಿ ಮುನ್ನೂರು ಜನ ನಿನ್ನ ಕಾದಂಬರಿ ಮುಗಿಸಿದ್ರು. ಈ ಭಾಗ್ಯ ಯಾವ ಲೇಖಕಿಗಿದೆ?"

ನಾನು ಪೆಟ್ಟಿಗೆಯ ಇನ್ನೊಂದು ತುದಿ ಹಿಡಿದು ಎತ್ತಿದೆ. ತಂದಾಗಿನದಕ್ಕಿಂತ ಹೆಚ್ಚು ಭಾರವಿತ್ತು. ಪುಸ್ತಕಗಳು ಸಾರು ಹೀರಿಕೊಂಡಿದ್ದವಲ್ಲ!