ಬದುವಿನ ಮೇಲೆ ನನ್ನ ದಂಡಯಾತ್ರೆ

ನನ್ನ ಹೊಲದ ಬದುವಿನಲ್ಲಿ ಇನ್ನು ಮುಂದೆ ಒಂದೇ ಒಂದು ಕಳೆಯೂ ತಲೆ ಎತ್ತಕೂಡದು!

ಕಳೆದ ಶ್ರಾವಣದಲ್ಲಿ ನಾನು ಹೀಗೆಂದು ಘೋಷಿಸಿದೆ. ಮನೆಯಲ್ಲಿ ಅಲ್ಲ. ಮನೆಯಲ್ಲಿ ಘೋಷಿಸುವ ಧೈರ್ಯ ಮದುವೆಯಾದ ಹೊಸದರಲ್ಲಿಯೇ ನನ್ನನ್ನು ಬಿಟ್ಟು ಹೋಗಿತ್ತು. ನಮ್ಮೂರು ಹಂಗಳದಲ್ಲಿ ಬಸ್ಸು ನಿಲ್ಲುವಲ್ಲಿರುವ ಟೀ ಅಂಗಡಿಯಲ್ಲಿ, ಗ್ಲಾಸು ಮೇಲೆತ್ತಿ ಘೋಷಿಸಿದೆ. ನಾಳೆ ಬೆಳಗಿನ ಜಾವ ಕಳೆನಾಶಕ ಸಿಂಪಡಿಸುವೆನೆಂದೂ, ಹಾಗೆಂದರೇನೆಂದೂ, ಅದು ಬೇರಿನವರೆಗೆ ಇಳಿಯುವ ಬಗೆಯೆಂತೆಂದೂ ಒಂದು ಪೀರಿಯಡ್ಡಿನಷ್ಟು ಪಾಠ ಮಾಡಿದೆ. ಕೇಳಿದವರು ಹೆಚ್ಚೇನೂ ಇರಲಿಲ್ಲ. ಇದ್ದವರಿಗೆ ಬಸ್ಸು ಬಂದಿರಲಿಲ್ಲ.

ನಾನು ನಿವೃತ್ತ ಕನ್ನಡ ಮೇಷ್ಟರು. ಮಕ್ಕಳ ಪುಸ್ತಕದಲ್ಲಿ ತಪ್ಪು ಕಂಡಲ್ಲೆಲ್ಲ ಕೆಂಪು ಶಾಯಿ ಎಳೆಯುತ್ತ ಬಾಳಿದವನು. ಆ ಮಕ್ಕಳ ಮುಖಗಳೂ, ಅವರ ಮುದ್ದಾದ ತಪ್ಪುಗಳೂ ಈಗಲೂ ಕಣ್ಣಿಗೆ ಕಟ್ಟಿದಂತಿವೆ. ನಿವೃತ್ತಿಯಾದ ಮೇಲೆ ತಿದ್ದಲು ಏನೂ ಸಿಗದೆ ಕೈ ತುರಿಸುತ್ತಿತ್ತು. ಹೊಲದಲ್ಲಿ ಅರಿಸಿನದ ಸಾಲುಗಳು ಪ್ರಾರ್ಥನೆಗೆ ನಿಂತ ಹುಡುಗರಂತೆ ಶಿಸ್ತಾಗಿದ್ದವು. ಆದರೆ ಬದುವಿನ ಮೇಲೆ? ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಕನ್ನೆ ಸೊಪ್ಪು, ಹೊನಗೊನ್ನೆ! ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವರೆಲ್ಲ ತರಗತಿಯ ಬಾಗಿಲಿಗೆ ಜೋತುಬಿದ್ದು ಗಲಾಟೆ ಮಾಡುತ್ತಿರುವ ಹಾಗೆ. ಬದುವಿನ ಕಳೆಯಲ್ಲಿ ಅಡಗಿಕೊಂಡ ಹುಳುಗಳು ಬೆಳೆಗೆ ದಾಟುತ್ತವೆ ಎಂದು ಬೇರೆ ಎಲ್ಲಿಯೋ ಓದಿದ್ದೆ. ಅಂದಿನಿಂದ ಕಣ್ಣು ಮುಚ್ಚಿದರೆ ಹುಳು, ತೆರೆದರೆ ಕಳೆ.

ಈ ಕಳೆಗಳನ್ನೇ ನನ್ನ ಹೆಂಡತಿ ದಾನೇಶ್ವರಿ ಬೆರಕೆ ಸೊಪ್ಪು ಎಂದು ಗೌರವಿಸಿ ಕರೆದು, ಬಸ್ಸಾರು ಮಾಡುತ್ತಾಳೆಂಬುದು ನನಗೆ ತಿಳಿಯದ ಸಂಗತಿಯಲ್ಲ. ಆ ಸಾರಿಗೆ ಇನ್ನೊಂದು ಮುದ್ದೆ ಬೇಕೆಂದು ತಟ್ಟೆ ಮುಂದೂಡುವವನೂ ನಾನೇ. ಆದರೆ ಸಾರು ಬೇರೆ, ಸಿದ್ಧಾಂತ ಬೇರೆ. ಆದ್ದರಿಂದ ನಾನು ಸಿದ್ಧಾಂತವನ್ನು ಅವಳಿಗೆ ತಿಳಿಸಲೇ ಇಲ್ಲ.

ಮರುದಿನ ನಸುಕಿನಲ್ಲಿ ಕಳ್ಳನಂತೆ ಎದ್ದೆ. ಔಷಧಿ ಮೈಗೆ ತಾಗಬಾರದೆಂದು ಡಬ್ಬಿಯ ಮೇಲೆ ಬರೆದಿತ್ತು. ಅಕ್ಷರಕ್ಕೆ ಅಪಚಾರ ಮಾಡುವವನಲ್ಲ ನಾನು. ರೇನ್‌ಕೋಟು, ಕೈಗವಸು, ಮಂಕಿ ಟೋಪಿ, ಮೂಗಿಗೆ ಮಾಸ್ಕು, ಕನ್ನಡಕದ ಮೇಲೊಂದು ಗಾಗಲ್ಸು. ಬೆನ್ನಿಗೆ ಪಂಪು ಏರಿಸಿ ಹೊರಟವನನ್ನು ಕಂಡು ಬೀದಿನಾಯಿಗಳು ಬೊಗಳುವುದನ್ನೂ ಮರೆತು ಹಿಂದೆ ಸರಿದವು. ಪಕ್ಕದ ಹೊಲದ ಶಾಂತಮಲ್ಲಪ್ಪ ನನ್ನ ಬಾಲ್ಯದ ಗೆಳೆಯ. ಅವನು ಮಾತ್ರ ಸರಿಯಲಿಲ್ಲ.

"ಏನ್ ಮೇಷ್ಟ್ರೇ, ಚಂದ್ರಲೋಕಕ್ಕ ಓಯ್ತಿದ್ದೀರಾ?"

ನಾನು ಉತ್ತರಿಸಿದೆ. ಮಾಸ್ಕಿನೊಳಗಿಂದ ಅದು ಎಮ್ಮೆ ಮುಲುಗಿದಂತೆ ಕೇಳಿಸಿರಬೇಕು. ಅವನು ನಗುತ್ತ ಹೋದ. ನಾನು ಯುದ್ಧಕ್ಕಿಳಿದೆ. ಬಂಡೀಪುರದ ಕಡೆಯಿಂದ ಮಂಜು ಇಳಿದಿತ್ತು. ನನ್ನ ಉಸಿರಿಗೆ ಕನ್ನಡಕವೂ ಮಂಜಾಯಿತು. ಬದು ಎಲ್ಲಿದೆ ಎಂದು ಕಾಲಿಗೆ ತಿಳಿಯುತ್ತಿತ್ತೇ ಹೊರತು ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಆದರೇನು, ಶತ್ರು ಎದುರಿಗೇ ಇದ್ದಾನಲ್ಲ! ಈ ತುದಿಯಿಂದ ಆ ತುದಿಯವರೆಗೆ ಪಂಪು ಬರಿದಾಗುವಷ್ಟು ಹೊಡೆದೆ. ಮನೆಗೆ ಬಂದು ತಲೆಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ದಿಗ್ವಿಜಯ ಮುಗಿಸಿದ ಚಕ್ರವರ್ತಿಯಂತೆ ಪೇಪರು ಹಿಡಿದು ಕುಳಿತೆ.

ಮಧ್ಯಾಹ್ನ ತಟ್ಟೆಗೆ ಮುದ್ದೆ ಬಿತ್ತು. ಮೇಲೆ ಬಸ್ಸಾರು, ಪಕ್ಕದಲ್ಲಿ ಒಗ್ಗರಣೆ ಹಾಕಿದ ಸೊಪ್ಪಿನ ಪಲ್ಯ. ಅರ್ಧ ಮುದ್ದೆ ಇಳಿದ ಮೇಲೆ, ಹೊಗಳುವ ಭರದಲ್ಲಿ, ಇಷ್ಟು ಎಳೆಯ ಸೊಪ್ಪು ಎಲ್ಲಿ ಸಿಕ್ಕಿತೆಂದು ಕೇಳಿದೆ.

"ಇನ್ನೆಲ್ಲಿ? ನಮ್ಮ ಬದುವಿನದೇ ಕಣ್ರೀ."

ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟೆ. ಬೇರೆ ಯಾರಿಗಾದರೂ ಕೊಟ್ಟೆಯಾ ಎಂದು ಕೇಳಿದೆ. ಪಕ್ಕದ ಮನೆಯ ರಾಚಮ್ಮ ಮಡಿಲು ತುಂಬ ಒಯ್ದಳಂತೆ. ಶಾಂತಮಲ್ಲಪ್ಪನ ಮನೆಗೂ ಹೋಗಿದೆಯಂತೆ. ದಾನೇಶ್ವರಿ ಇನ್ನೂ ಏನೋ ಹೇಳುತ್ತಿದ್ದಳು. ಇನ್ನು ಒಂದು ತುತ್ತೂ ಮುಟ್ಟಬೇಡವೆಂದು ಅವಳಿಗೆ ಕೂಗಿ, ಎಂಜಲು ಕೈಯಲ್ಲೇ ನಾನು ಬೀದಿಗೆ ಬಿದ್ದಾಗಿತ್ತು. ಹೊಟ್ಟೆಯಲ್ಲಿ ಆಗಲೇ ಉರಿ. ಅದು ವಿಷವೋ, ಸಾರಿನ ಒಣಮೆಣಸಿನಕಾಯಿಯೋ, ಪರೀಕ್ಷಿಸಲು ಪುರುಸೊತ್ತಿರಲಿಲ್ಲ.

ರಾಚಮ್ಮ ಹಜಾರದಲ್ಲಿ ಕಾಲು ಚಾಚಿ, ಮುದ್ದೆಯನ್ನು ಸಾರಿನಲ್ಲಿ ಅದ್ದುತ್ತಿದ್ದಳು. ನಾನು ತಟ್ಟೆಗೆ ಕೈ ಹಾಕಿದೆ. ಅವಳು ಬಿಡಲಿಲ್ಲ. ನಿಜ ಹೇಳಲು ನಾಚಿಕೆಯಾಗಿ, ಸೊಪ್ಪಿನಲ್ಲಿ ಹುಳ ಬಿದ್ದಿದೆ ಎಂದುಬಿಟ್ಟೆ.

"ಬಿದ್ರ ಬೀಳ್ಲಿ ಬುಡಿ ಮೇಷ್ಟ್ರೇ. ಅದೂ ಸೊಪ್ಪೇ ತಿಂದು ಬೆಳ್ದದ್ದಲ್ವಾ?"

ಮಾತಿಗೆ ಸಮಯವಿರಲಿಲ್ಲ. ತಟ್ಟೆಯನ್ನೂ, ಒಲೆಯ ಮೇಲಿದ್ದ ಪಾತ್ರೆಯನ್ನೂ ಅಂಗಳಕ್ಕೆ ಸುರಿದೆ. ಅವಳ ಕೋಳಿ ಓಡಿ ಬಂದು ಕುಕ್ಕತೊಡಗಿತು. ಅದನ್ನು ಓಡಿಸಿ, ಶಾಂತಮಲ್ಲಪ್ಪನ ಮನೆಗೆ ನುಗ್ಗಿ, ಅಲ್ಲಿಯ ಸಾರನ್ನೂ ಮೋರಿಗೆ ಸೇರಿಸಿದೆ. ಅವನು ಕೈ ತೊಳೆದಾಗಿತ್ತು. ತೇಗುತ್ತಿದ್ದ. ನೀನು ಆರೋಗ್ಯವಾಗಿದ್ದೀಯಾ ಎಂದು ಕೇಳಿದೆ. ನನಗಿಂತ ಆರೋಗ್ಯವಾಗಿದ್ದೇನೆಂದು ಹೇಳಿ, ನನ್ನನ್ನೇ ಅನುಮಾನದಿಂದ ನೋಡಿದ.

ಕೋಳಿಯ ಯೋಚನೆ ಹತ್ತಿ ರಾಚಮ್ಮನ ಅಂಗಳಕ್ಕೆ ಮರಳಿ ಬಂದೆ. ಬಂದು ನೋಡಿದರೆ, ಶಿವನೇ! ಕೋಳಿ ತಿಪ್ಪೆಯ ಪಕ್ಕದ ಮಣ್ಣಿನಲ್ಲಿ ಮಗ್ಗುಲಾಗಿ ಬಿದ್ದು, ಕಣ್ಣು ಅರೆಮುಚ್ಚಿ, ಕಾಲು ಒದರಿ ಒದ್ದಾಡುತ್ತಿದೆ. ಬೀದಿಯಲ್ಲಿ ನಿಂತು ಸಕಲವನ್ನೂ ಒಪ್ಪಿಕೊಂಡೆ. ಆ ಬದುವಿಗೆ ಬೆಳಗ್ಗೆ ವಿಷ ಹೊಡೆದಿದ್ದೇನೆ, ಸೊಪ್ಪು ತಿಂದವರೆಲ್ಲ ಈಗಿಂದೀಗಲೇ ಗುಂಡ್ಲುಪೇಟೆಯ ಆಸ್ಪತ್ರೆಗೆ ಹೊರಡಬೇಕು ಎಂದು ಕೂಗಿದೆ. ಪುಟ್ಟಮಾದುವಿನ ಆಟೊ ನಿಂತಿತ್ತು. ಬರಲೊಲ್ಲದ ರಾಚಮ್ಮನನ್ನು ಒಳಗೆ ತಳ್ಳಿದೆ. ತೇಗುತ್ತಲೇ ಇದ್ದ ಶಾಂತಮಲ್ಲಪ್ಪನನ್ನು ಎಳೆದು ಕೂರಿಸಿದೆ. ದಾನೇಶ್ವರಿಯನ್ನು ಕರೆತರಲು ಓಡುವಷ್ಟರಲ್ಲಿ ಅವಳೇ ಬಂದಳು. ಕೈಯಲ್ಲಿ ನನ್ನ ಚಪ್ಪಲಿ. ಹೊಡೆಯಲಿಕ್ಕಲ್ಲ, ನಾನು ಬರಿಗಾಲಲ್ಲಿ ಓಡಿಬಂದಿದ್ದೆ.

"ಆಟೊ ಹತ್ತು ದಾನೇಶ್ವರಿ, ಮಾತು ಬೇಡ. ಆ ಸೊಪ್ಪಿಗೆ ನಾನು ಬೆಳಗ್ಗೆ ಔಷಧಿ ಹೊಡೆದಿದ್ದೇನೆ."

"ಗೊತ್ತು. ಅದ್ಕೇ ನಿನ್ನೆ ಸಂಜೆನೇ ಕುಯ್ದ್ಬುಟ್ಟೊ."

"ನಿನ್ನೆ ಸಂಜೆಯೇ? ನಿನಗೆ ಯಾರು ಹೇಳಿದರು?"

"ನೀವೇ. ಟೀ ಅಂಗಡೀಲಿ ಡಂಗುರ ಸಾರುದ್ರಲ್ಲ, ಅದು ನಮ್ಮ ಜಗುಲಿಗ ಬಂದು ಮುಟ್ಟಕ್ಕ ಎಷ್ಟೊತ್ತು? ಬೀದಿ ಹೆಂಗಸ್ರೆಲ್ಲಾ ಸೇರ್ಕಂಡು ಬೇರ್ ಸಮೇತ ಕಿತ್ಕಂಡೊ. ಒಂದು ಕಡ್ಡೀನೂ ಬುಟ್ಟಿಲ್ಲ."

"ಹಾಗಾದರೆ ಬೆಳಗ್ಗೆ ನಾನು ಹೊಡೆದದ್ದು..."

"ಬರೀ ಮಣ್ಣಿಗ."

ಆಟೊ ಅಲುಗಾಡಿತು. ಒಳಗೆ ಕುಳಿತವರು ನಗುತ್ತಿದ್ದರು. ಅಷ್ಟರಲ್ಲಿ, ನಾನು ಸತ್ತೇಹೋಯಿತೆಂದು ಬಗೆದ ಕೋಳಿ ಎದ್ದು, ಮೈ ಕೊಡವಿ ಮಣ್ಣು ಉದುರಿಸಿ, ಉಳಿದ ಸಾರಿನತ್ತ ನಡೆಯಿತು. ಮಣ್ಣಿನ ಸ್ನಾನ ಮಾಡುತ್ತಿದ್ದ ಹೆಣ್ಣುಜೀವವನ್ನು ನಾನು ಅಷ್ಟು ಹೊತ್ತು ದುರುಗುಟ್ಟಿ ನೋಡಿದ್ದೆ.

ನಾನು ಆಟೊದ ಕಂಬಿ ಹಿಡಿದು ನಿಂತೆ. ಆದರೆ ರಾಚಮ್ಮ ಇಳಿಯಲಿಲ್ಲ. ಉಣ್ಣುವ ಅನ್ನಕ್ಕೆ ಕೈ ಹಾಕಿದ್ದಾಗಿದೆ, ಪಾತ್ರೆ ಬರಿದಾಗಿದೆ, ಇನ್ನು ಗುಂಡ್ಲುಪೇಟೆಯ ಹೋಟೆಲಿನಲ್ಲಿ ಉಣ್ಣಿಸಿದ ಹೊರತು ಆಟೊ ಬಿಡುವುದಿಲ್ಲವೆಂದಳು. ಉಂಡು ತೇಗಿದ್ದ ಶಾಂತಮಲ್ಲಪ್ಪನೂ ನ್ಯಾಯ ಅವಳ ಕಡೆಗಿದೆಯೆಂದು ತೀರ್ಪು ಕೊಟ್ಟ. ದಾನೇಶ್ವರಿಯೂ ಹತ್ತಿದಳು. ಜಾಗವಿಲ್ಲದೆ ನಾನು ಪುಟ್ಟಮಾದುವಿನ ಪಕ್ಕದಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ ನೇತಾಡುತ್ತ, ನಾನೇ ಸಾಯಿಸದೆ ಬಿಟ್ಟವರಿಗೆ ಊಟ ಹಾಕಿಸಲು ಹೋದೆ.

ಔಷಧಿ ಬಿದ್ದ ಬದುವಿನ ಸೊಪ್ಪನ್ನು ಇನ್ನೊಂದು ವರ್ಷ ಯಾರೂ ಮುಟ್ಟುವುದು ಬೇಡವೆಂದು ಹೋಟೆಲಿನಲ್ಲೇ ತೀರ್ಮಾನವಾಯಿತು. ಅದುವರೆಗೆ ಬೀದಿಗೆಲ್ಲ ಬೆರಕೆ ಸೊಪ್ಪು ಒದಗಿಸುವ ಹೊಣೆ ನನ್ನದು. ಹಿತ್ತಲಲ್ಲಿ ಮಡಿ ಮಾಡಿ, ಅಣ್ಣೆ ಸೊಪ್ಪಿನ ಬೀಜ ಚೆಲ್ಲಿ, ಕೊಟ್ಟಿಗೆ ಗೊಬ್ಬರ ಹಾಕಿ, ಹೊತ್ತೊತ್ತಿಗೆ ನೀರು ಕೊಟ್ಟೆ. ಕರೆಯದೆ ಬದು ತುಂಬ ಬರುತ್ತಿದ್ದ ಗಿಡ, ಕೈಮುಗಿದು ಕರೆದರೂ ಮಡಿಯಲ್ಲಿ ಬರಲೊಲ್ಲದು! ರಾಚಮ್ಮ ಬೇಲಿಯಾಚೆಯಿಂದ ದಿನವೂ ಇಣುಕುತ್ತಾಳೆ.

"ಹಂಗಲ್ಲ ಮೇಷ್ಟ್ರೇ. ಕಳೆ ಅಂತ ಬೋಯ್ರಿ. ಬೋಯ್ದ್ರೇನೇ ಅದು ಬರಾದು."

ಅಂದಿನಿಂದ ಯಾರೂ ಇಲ್ಲದ ಹೊತ್ತು ನೋಡಿ, ಮಡಿಯ ಮುಂದೆ ನಿಂತು, ತುಂಟ ಹುಡುಗರನ್ನು ಗದರಿದಂತೆ ಗದರುತ್ತಿದ್ದೆ. ನಿನ್ನೆ ಬೆಳಗ್ಗೆ ಹಸಿರಾದ ಒಂದು ಮೊಳಕೆ ಕಂಡಿತು. ಸಂಭ್ರಮದಿಂದ ದಾನೇಶ್ವರಿಯನ್ನು ಕೂಗಿ ಕರೆದೆ. ಅವಳು ಸೆರಗಿಗೆ ಕೈ ಒರೆಸುತ್ತ ಬಂದು, ಬಗ್ಗಿ, ಎಲೆಯನ್ನು ತಿರುವಿ ನೋಡಿದಳು.

"ಪಾರ್ಥೇನಿಯಂ" ಎಂದು ಒಳಗೆ ಹೋದಳು.