ಅಪ್ಪನ ಹಾಗೇ ಕಾಣುವ ಅಂಕಲ್

ಮಕ್ಕಳನ್ನು ಒಂದು ದಿನ ಹೊರಗೆ ಸುತ್ತಾಡಿಸಿ ತರುವುದಕ್ಕೆ ಇಷ್ಟೊಂದು ರಂಪವೇಕೆ ಎಂಬುದು ಬೀಗದ ರಾಯರಿಗೆ ಎಂದೂ ಅರ್ಥವಾಗಿರಲಿಲ್ಲ. ಮುನ್ನೂರು ಜನರ ಕಚೇರಿಯ ಕಂಪ್ಯೂಟರುಗಳೆಲ್ಲ ತಮ್ಮ ಒಂದು ಬೆರಳಿಗೆ ಅಂಜಿ ತೆಪ್ಪಗಿರುವಾಗ, ಎಂಟು ವರ್ಷದ ಮಗಳು, ನಾಲ್ಕು ವರ್ಷದ ಗುಂಡ ಯಾವ ಲೆಕ್ಕ? ಯಾರ ಪಾಸ್‌ವರ್ಡ್ ಹೇಗಿರಬೇಕು, ಎಷ್ಟು ದಿನಕ್ಕೊಮ್ಮೆ ಬದಲಾಗಬೇಕು ಎಂದು ವಿಧಿಸುವುದು ಅವರ ಕೆಲಸ. ಸಹೋದ್ಯೋಗಿಗಳು ಆ ಹೆಸರಿಟ್ಟದ್ದು ಅದಕ್ಕೇ. ಬೀಗ ಹಾಕುವುದು ಅವರ ವೃತ್ತಿ, ಬೀಗುವುದು ಪ್ರವೃತ್ತಿ.

"ಈ ಭಾನುವಾರ ನೀನು ಕಾಲು ಚಾಚಿ ಮಲಗು," ಎಂದು ಅವರು ಹೆಂಡತಿಗೆ ಅಭಯವಿತ್ತರು. "ಕಥೆ ಪಾರ್ಕಿಗೆ ಮಕ್ಕಳನ್ನ ನಾನೊಬ್ಬನೇ ಕರ್ಕೊಂಡು ಹೋಗ್ತೀನಿ."

ಕಥೆ ಪಾರ್ಕು ಎಂದರೆ ಊರಾಚೆಯ ವಿನೋದ ತಾಣ. ರಾಕ್ಷಸ, ರಾಜಕುಮಾರಿ, ಮಾಟಗಾತಿಯರೆಲ್ಲ ಅಲ್ಲಿ ತಿಂಗಳ ಸಂಬಳಕ್ಕಿದ್ದಾರೆ.

ಹೆಂಡತಿ ಬಟ್ಟೆ ಮಡಚುವುದನ್ನು ನಿಲ್ಲಿಸಿದಳು. "ಒಬ್ರೇನಾ? ಹೋದ ವಾರ ತರಕಾರಿ ತರೋಕೆ ಹೋಗಿ ನಾಲ್ಕು ಸಲ ಫೋನ್ ಮಾಡಿದ್ರಿ."

"ಅದು ತರಕಾರಿ. ಅದರಲ್ಲಿ ಒಂದು ವ್ಯವಸ್ಥೆ ಅಂತ ಇರಲ್ಲ."

"ಸರಿ. ನನಗೆ ಒಂದೇ ಒಂದು ಫೋನ್ ಮಾಡದೆ ಮಕ್ಕಳನ್ನ ಮನೆಗೆ ತನ್ನಿ, ಬೇಸಿಗೆ ರಜೇಲಿ ಸಮುದ್ರಕ್ಕೂ ನೀವೇ ಕರ್ಕೊಂಡು ಹೋಗಿ. ಫೋನ್ ಬಂತೋ, ಫ್ರಿಜ್ ಮೇಲೆ ನೀವು ಅಂಟಿಸಿರೋ ಆ ಪಟ್ಟಿಗಳು ಅವತ್ತಿಗೆ ಕೊನೆ."

ರಾಯರು ಫ್ರಿಜ್ಜಿನತ್ತ ಒಮ್ಮೆ ನೋಡಿದರು. ಟೂತ್‌ಪೇಸ್ಟನ್ನು ಎಲ್ಲಿಂದ ಹಿಚುಕಬೇಕು, ಒದ್ದೆ ಟವೆಲನ್ನು ಎಲ್ಲಿ ಹರವಬಾರದು ಎಂದು ಮನೆಮಂದಿಗೆ ದಾರಿ ತೋರಿಸುತ್ತಿದ್ದ ಪಟ್ಟಿಗಳು ಅವು. ಒಟ್ಟು ಹನ್ನೊಂದು. ಆದರೂ ಒಪ್ಪಿದರು.

ಬಸ್ಸು ಹತ್ತಿದ ಕೂಡಲೇ ಉಪದೇಶ ಆರಂಭವಾಯಿತು. "ನೋಡಿ ಮಕ್ಕಳೇ, ಅಲ್ಲಿ ಎಲ್ಲರೂ ವೇಷದಲ್ಲಿರ್ತಾರೆ. ನನ್ನ ಥರಾನೇ ಕಾಣೋರು ಬಂದು ಕರೆದ್ರೂ ಹೋಗ್ಬಾರ್ದು. ಫೋಟೋ ತೋರಿಸಿದ್ರೂ ನಂಬಬಾರ್ದು, ನನ್ನ ಫೋನ್ ಕದ್ದಿರಬಹುದು. ಪಾಸ್‌ವರ್ಡ್ ಕೇಳ್ಬೇಕು. ಇವತ್ತಿಂದು 'ನೇರಳೆ ಆನೆ'."

"ಅದನ್ನ ಯಾರಾದ್ರೂ ಕೇಳಿಸ್ಕೊಂಡ್ರೆ?" ಎಂದಳು ಮಗಳು.

"ತಕ್ಷಣ ಬದಲಾಯಿಸ್ಬೇಕು. ಆ ಮನುಷ್ಯನ ಬಾಯಲ್ಲಿ ಜಪ್ಪಯ್ಯ ಅಂದ್ರೂ ಬರದಂಥ ಮಾತು ಇಡ್ಬೇಕು. ಮೂರು ಸಲ ತಪ್ಪು ಹೇಳಿದ್ರೆ ಅರ್ಧ ಗಂಟೆ ಲಾಕ್. ಸುಳಿವು ಕೊಡೋ ಹಾಗಿಲ್ಲ."

ಮುಂದಿನ ಸೀಟಿನ ಮುದುಕರೊಬ್ಬರು ತಿರುಗಿ, "ನೇರಳೆ ಆನೆ. ಚೆನ್ನಾಗಿದೆ," ಎಂದು ತಲೆದೂಗಿದರು. ರಾಯರು ಅದನ್ನು ಪ್ರಶಸ್ತಿಯಂತೆ ಸ್ವೀಕರಿಸಿದರು. ಮಗಳು ಸ್ವೀಕರಿಸಲಿಲ್ಲ. ಅಪ್ಪ ಟಿಕೆಟಿನ ಸಾಲಿನಲ್ಲಿ ನಿಂತಿದ್ದಾಗ ಅವಳು ತಮ್ಮನ ಕಿವಿ ಎಳೆದು ಏನನ್ನೋ ಉಸುರಿದಳು.

ಪಾರ್ಕಿನಲ್ಲಿ ರಾಯರು ಸುಮ್ಮನೆ ನಡೆಯಲಿಲ್ಲ, ವಿವರಿಸುತ್ತ ನಡೆದರು. ಮಾತಾಡುವ ಮರದ ಹಿಂದೆ ಹೋಗಿ ಸ್ಪೀಕರಿನ ತಂತಿ ಎಳೆದು ತೋರಿಸಿದರು. ನೂರು ವರ್ಷ ನಿದ್ರಿಸುವ ರಾಜಕುಮಾರಿಯ ಬೆನ್ನಿಗೆ ಆ ಹಾಸಿಗೆ ಒಳ್ಳೆಯದಲ್ಲ ಎಂದರು.

"ರಾಕ್ಷಸ ಯಾಕೆ ಸಿಟ್ಟಾಗಿದ್ದಾನೆ?" ಎಂದು ಗುಂಡ ಕೇಳಿದ.

"ರಕ್ತದಲ್ಲಿ ಸಕ್ಕರೆ ಕಡಿಮೆಯಾಗಿದೆ," ಎಂದರು ರಾಯರು, ಒಂದು ಕ್ಷಣವೂ ತಡವರಿಸದೆ.

ಆ ರಾಕ್ಷಸನ ಹತ್ತಿರವೇ ಎಡವಟ್ಟಾದದ್ದು. ಮೂರಂತಸ್ತಿನಷ್ಟು ದೊಡ್ಡ ಬೊಂಬೆ. ಮಕ್ಕಳು ಬಾಯಿಯೊಳಗೆ ಹೊಕ್ಕು, ಗಂಟಲಲ್ಲಿ ಜಾರಿ, ಹಿಮ್ಮಡಿಯಲ್ಲಿ ಹೊರಬೀಳಬೇಕು. ದೊಡ್ಡವರಿಗೆ ಒಳಗೆ ಪ್ರವೇಶವಿಲ್ಲ. ಮಕ್ಕಳನ್ನು ನುಂಗಿಸಿದ ರಾಯರು, ಯಾವ ಕಾಲಿನ ಹಿಮ್ಮಡಿ ಎಂದು ಕಾವಲುಗಾರನನ್ನು ಕೇಳಬಹುದಿತ್ತು. ಕೇಳಲಿಲ್ಲ. ಎಡಗಾಲಿನದೇ ಎಂದು ತೀರ್ಮಾನಿಸಿ, ಒಳದಾರಿ ಕಂಡುಹಿಡಿದು, ಒಂದು ಬಾಗಿಲು ತಳ್ಳಿದರೆ ರಾಜಕುಮಾರಿ ಹಾಸಿಗೆಯ ಮೇಲೆ ಕೂತು ಕಾಲುಚೀಲ ಬಿಚ್ಚುತ್ತಿದ್ದಳು. ಅಲ್ಲಿಂದ ಓಟ ಕಿತ್ತು, ಬೇಲಿ ದಾಟಿ, ಪಾರ್ಕನ್ನೇ ಒಂದು ಸುತ್ತು ಹಾಕಿ ಬಲಗಾಲಿಗೆ ಬರುವಷ್ಟರಲ್ಲಿ ಇಪ್ಪತ್ತೈದು ನಿಮಿಷ ಕಳೆದಿತ್ತು.

ಮಕ್ಕಳು ಹೊರಬಿದ್ದಲ್ಲೇ ಇದ್ದರು. ಹಿಮ್ಮಡಿಗೆ ತಾಗಿಯೇ 'ಕಳೆದದ್ದು–ಸಿಕ್ಕಿದ್ದು' ಎಂಬ ಕೌಂಟರಿತ್ತು. ಅಲ್ಲಿ ಮಾಟಗಾತಿಯ ವೇಷದ ಹೆಂಗಸೊಬ್ಬಳು ಕೊಕ್ಕೆ ಮೂಗಿನ ಮೇಲೆ ಕನ್ನಡಕ ಏರಿಸಿ ಕೂತಿದ್ದಳು. ಇಬ್ಬರಿಗೂ ಸ್ಟೂಲು ಹಾಕಿಕೊಟ್ಟಿದ್ದಳು.

"ಬನ್ರೋ, ಹೋಗೋಣ," ಎಂದರು ರಾಯರು ಏದುಸಿರು ಬಿಡುತ್ತ.

ಮಗಳು ತಮ್ಮನ ಅಂಗಿ ಹಿಡಿದುಕೊಂಡಳು. "ಪಾಸ್‌ವರ್ಡ್ ಹೇಳಿ."

"ಭೇಷ್. ನೇರಳೆ ಆನೆ."

"ಅದು ಬಸ್ಸಿನ ತಾತಂಗೂ ಗೊತ್ತು. ಬದಲಾಯ್ಸಿದ್ದೀವಿ. ನಿಮ್ಮದು ಒಂದು ಸಲ ತಪ್ಪಾಯ್ತು, ಅಂಕಲ್."

ಹುಟ್ಟಿದಾಗಿನಿಂದ ಏಕವಚನದಲ್ಲೇ ಕರೆಯುತ್ತಿದ್ದ ಮಗಳು ಇದೇ ಮೊದಲ ಸಲ ಅಪ್ಪನಿಗೆ ಬಹುವಚನ ಕೊಟ್ಟಿದ್ದಳು. ಮರ್ಯಾದೆ ಇಷ್ಟು ಚುಚ್ಚುತ್ತದೆ ಎಂದು ರಾಯರಿಗೆ ತಿಳಿದಿರಲಿಲ್ಲ.

"ಅಂಕಲ್ ಅಲ್ಲ ಕಣೆ," ಎಂದ ಗುಂಡ. "ಅಪ್ಪನ ವಾಸನೇನೇ ಬರ್ತಿದೆ."

"ಅಂಗಿ ಕದ್ದಿರಬಹುದು. ಸುಮ್ನಿರು."

ಮಾಟಗಾತಿ ಕನ್ನಡಕದ ಮೇಲಿಂದ ರಾಯರನ್ನು ನೋಡಿದಳು. "ಹುಡುಗಿ ಹೇಳೋದು ಸರಿಯಾಗಿದೆ ಸಾರ್. ಗುರುತಿಗೆ ಏನಾದ್ರೂ ಇದೆಯಾ?"

ಕಚೇರಿಯ ಕಾರ್ಡು ತೋರಿಸಿದರು. ಅದರಲ್ಲಿ ಮಕ್ಕಳ ಹೆಸರಿರಲಿಲ್ಲ. ಫೋನಿನಲ್ಲಿದ್ದ ಫೋಟೋ ತೋರಿಸಿದರು. ಕದ್ದ ಫೋನಿನ ವಿಚಾರವನ್ನು ಮಗಳು ಮಾಟಗಾತಿಗೆ ಕೂಲಂಕಷವಾಗಿ ವಿವರಿಸಿದಳು.

"ಹಸಿರು ಒಂಟೆ," ಎಂದರು ರಾಯರು. ತಪ್ಪು. "ಐಸ್‌ಕ್ರೀಂ." ಗುಂಡನ ಕಣ್ಣು ಅರಳಿತು, ಅಕ್ಕ ತಲೆಯಾಡಿಸಿದಳು. ಮೂರೂ ಮುಗಿಯಿತು. ಲಾಕ್.

ಅರ್ಧ ಗಂಟೆ ಬೀಗದ ರಾಯರು ರಾಕ್ಷಸನ ಹೆಬ್ಬೆರಳಿಗೆ ಒರಗಿ ನಿಂತರು. ಹಾದುಹೋದವರೊಬ್ಬರು ಅವರನ್ನೂ ಬೊಂಬೆ ಎಂದುಕೊಂಡು ಮಗುವನ್ನು ಪಕ್ಕ ನಿಲ್ಲಿಸಿ ಫೋಟೋ ತೆಗೆದರು. ಅವಧಿ ಮುಗಿದ ಮೇಲೆ ಮತ್ತೆ ಮೂರು ಪ್ರಯತ್ನ: ಅಮ್ಮನ ಹೆಸರು, ಶಾಲೆಯ ಬಸ್ಸಿನ ನಂಬರು, ಪಕ್ಕದ ಮನೆಯ ನಾಯಿ. ಮತ್ತೆ ಲಾಕ್.

ಕೊನೆಗೆ ಅವರು ಕುಕ್ಕರಗಾಲಲ್ಲಿ ಕೂತು ಗುಂಡನ ಗಲ್ಲ ಹಿಡಿದರು. "ನೀನಾದ್ರೂ ಹೇಳೋ ಮರಿ. ಪಾಸ್‌ವರ್ಡ್ ಏನು?"

ಗುಂಡ ಅಕ್ಕನತ್ತ ಕಳ್ಳನೋಟ ಬೀರಿ, ಅಪ್ಪನ ಕಿವಿಯಲ್ಲಿ, ಎಲ್ಲರಿಗೂ ಕೇಳುವಷ್ಟು ಜೋರಾಗಿ, "ಗೊತ್ತಿಲ್ಲ," ಎಂದ. ಅಕ್ಕ ಅವನನ್ನು ಬಲವಾಗಿ ಚಿವುಟಿದಳು.

"ಪಾಪ, ಮಗೂಗೆ ನೆನಪಿಲ್ಲ," ಎಂದಳು ಮಾಟಗಾತಿ.

"ಮರೆವು ಅವರಮ್ಮನ ಕಡೆಯದು," ಎಂದರು ರಾಯರು.

ಐದಕ್ಕೆ ಪಾರ್ಕು ಮುಚ್ಚುತ್ತದೆ. ನಾಲ್ಕೂ ಮುಕ್ಕಾಲಿಗೆ ಕಾವಲುಗಾರ ಬಂದು ವಿಷಯ ಕೇಳಿದ. "ಸಾರ್, ಮಕ್ಕಳ ತಾಯಿಗೆ ಫೋನ್ ಮಾಡಿ. ಇಲ್ಲಾಂದ್ರೆ ನಾನು ಪೊಲೀಸರಿಗೆ ಮಾಡ್ತೀನಿ."

ರಾಯರು ಒಂದು ಗಳಿಗೆ ಎರಡನ್ನೂ ತೂಗಿ ನೋಡಿದರು. ನಂತರ ಮನೆಗೆ ಮಾಡಿದರು, ಕಾವಲುಗಾರನಿಗೂ ಕೇಳಲೆಂದು ಸ್ಪೀಕರ್ ಹಾಕಿ.

ಆ ಕಡೆಯಿಂದ ಮೊದಲು ಕೇಳಿದ್ದು ಹಲೋ ಅಲ್ಲ. ಫ್ರಿಜ್ಜಿನಿಂದ ಕಾಗದ ಪರ್‍ರೆಂದು ಕಿತ್ತು ಬರುವ ಸದ್ದು. "ಒಂದು," ಎಂದಳು ಹೆಂಡತಿ. "ಹೇಳಿ, ಏನಾಯ್ತು?"

ರಾಯರು ಭದ್ರತೆಯ ಮಹತ್ವದಿಂದ ಶುರುಮಾಡಿ ರಾಕ್ಷಸನ ಅಂಗರಚನೆಯವರೆಗೆ ಬಂದರು. ಅಷ್ಟರಲ್ಲಿ ಇನ್ನೂ ನಾಲ್ಕು ಕಾಗದ ಹರಿದವು.

"ರೀ, ಪುರಾಣ ಬೇಡ. ಅವಳು ಪಾಸ್‌ವರ್ಡ್ ಬದಲಾಯ್ಸಿದ್ದಾಳೆ. ಅದೇನು ಅಂತ ನಿಮಗೆ ಗೊತ್ತಾ, ಇಲ್ವಾ?"

"ತಾತ್ವಿಕವಾಗಿ ನೋಡಿದ್ರೆ, ಸಾಧ್ಯತೆಗಳನ್ನ ನಾನು ಬಹಳ ಮಟ್ಟಿಗೆ..."

"ರೀ."

ರಾಯರು ಹಣೆ ಒರೆಸಿಕೊಂಡರು. ಮಗಳನ್ನು ನೋಡಿದರು, ಮಾಟಗಾತಿಯನ್ನು ನೋಡಿದರು, ರಾಕ್ಷಸನನ್ನೂ ನೋಡಿದರು. ಯಾರೂ ಸಹಾಯಕ್ಕೆ ಬರಲಿಲ್ಲ.

"ಗೊತ್ತಿಲ್ಲ," ಎಂದರು, ಸಣ್ಣ ದನಿಯಲ್ಲಿ.

"ಅಪ್ಪಾ," ಎಂದು ಗುಂಡ ಹಾರಿ ಬಂದು ಅವರ ಕಾಲು ತಬ್ಬಿಕೊಂಡ. ಮಗಳು ಸ್ಟೂಲಿನಿಂದ ಇಳಿದಳು. "ಸರಿಯಾಗಿದೆ. ಎಷ್ಟು ಹೊತ್ತಪ್ಪ ನಿಂಗೆ? ನಂಗೆ ಹಸಿವಾಗ್ತಿದೆ."

ರಾಯರು ಮಗಳತ್ತ ಬಗ್ಗಿದರು. "ಏನು ಸರಿಯಾಗಿದೆ?"

"ಅದೇ ಪಾಸ್‌ವರ್ಡ್. 'ಗೊತ್ತಿಲ್ಲ'. ಬಾಯಲ್ಲಿ ಜಪ್ಪಯ್ಯ ಅಂದ್ರೂ ಬರದ ಮಾತು ಇಡು ಅಂದೆಯಲ್ಲ."

"ಇನ್ನೊಂದ್ಸಲ ಹೇಳಿ," ಎಂದಳು ಹೆಂಡತಿ ಫೋನಿನೊಳಗಿಂದ. "ಅತ್ತೇನ ಕರೀತೀನಿ, ಅವರೂ ಕೇಳ್ಲಿ. ಅವರ ಮಗ ಇದನ್ನ ಹೇಳಿದ್ದು ಅವರೂ ಕೇಳಿರೋ ಹಾಗಿಲ್ಲ."

ರಾಯರು ಫೋನನ್ನು ಜೇಬಿಗೆ ಸೇರಿಸಿ ಮಕ್ಕಳ ಕೈ ಹಿಡಿದರು.

"ಒಂದು ಸಹಿ ಆಗ್ಬೇಕು," ಎಂದು ಮಾಟಗಾತಿ ದಪ್ಪ ರಿಜಿಸ್ಟರನ್ನು ಮುಂದೆ ತಳ್ಳಿದಳು. ರಾಯರು ತಮ್ಮ ಪೆನ್ನು ತೆಗೆದರು.

"ನಿಮ್ಮದಲ್ಲ ಸಾರ್. ಮಕ್ಕಳು ಜಾರಿ ಬಂದ ತಕ್ಷಣ ದೂರು ಬರೆಸಿದ್ರು. ಕಳೆದುಹೋಗಿದ್ದು ನೀವು."

ರಾಯರು ಬಗ್ಗಿ ನೋಡಿದರು. ಒಂದು ಕೊಡೆ, ಒಂದು ನೀರಿನ ಬಾಟಲಿಯ ಕೆಳಗೆ ಅಚ್ಚುಕಟ್ಟಾಗಿ ಬರೆದಿತ್ತು: 'ಅಪ್ಪ – ಒಂದು.' ಮಗಳು ಪೆನ್ನು ಕಸಿದುಕೊಂಡು 'ಪಡೆದವರು' ಎಂಬಲ್ಲಿ ಗುಂಡುಗುಂಡಾಗಿ ತನ್ನ ಹೆಸರು ಬರೆದಳು. ಇನ್ನೊಂದು ಕಾಲಮ್ಮು ಉಳಿದಿತ್ತು: 'ವಸ್ತುವಿನ ಸ್ಥಿತಿ'. ಅವಳು ತಲೆಯೆತ್ತಿ ಅಪ್ಪನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಬೆವರಿದ ಅಂಗಿ, ಬೇಲಿಗೆ ಸಿಕ್ಕಿ ಹರಿದ ಪ್ಯಾಂಟು. ಪೆನ್ನಿನ ತುದಿ ಕಚ್ಚಿ ಸ್ವಲ್ಪ ಯೋಚಿಸಿ ಬರೆದಳು: 'ಪರವಾಗಿಲ್ಲ.'